ಸಿಲ್ವರ್ ಟಂಬ್ಲರಿನ ಗೋತ್ರ

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಕಮಲಾಕರ ರಾಯರು ತ್ರಿಪ್ಲಿಕೇನಿನ ತಮ್ಮ ಮನೆಯ ಉಯ್ಯಾಲೆಯ ಮೇಲೆ ಕೂತು ಒಂದು ಸಂಬಂಧವನ್ನು ಬೇಡವೆಂದರು. ಹೆಣ್ಣು ಆರು ವರ್ಷದ ಕುದುರೆ. ಗಂಡು ಹನ್ನೊಂದು ವರ್ಷದ ಕುದುರೆ. ಬೇಡವೆನ್ನುವ ಅಧಿಕಾರ ರಾಯರಿಗೆ ಇರಲಿಲ್ಲ.

ರಾಯರಿಗೆ ಎಪ್ಪತ್ತಮೂರು. ಬಂದರಿನ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಚೆನ್ನೈಯ ಮಾಧ್ವ ಮನೆಗಳ ವಂಶಾವಳಿಗಳನ್ನು ಬರೆದಿಟ್ಟು, ಮದುವೆಯ ಮಾತು ಬಂದಾಗ ಗೋತ್ರ, ಪ್ರವರ ತಾಳೆ ನೋಡಿಕೊಡುವುದು ಮೂವತ್ತು ವರ್ಷಗಳಿಂದ ಅವರ ಸಂಬಳವಿಲ್ಲದ ಕೆಲಸ. ಅದರಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಕೂಡದ ಸಂಬಂಧವನ್ನು ಅದೇ ದಿನ ತಿಳಿಸಿಬಿಡಬೇಕು. ಗಂಡಿನ ಕಡೆಯವರನ್ನು ಕಾಯಿಸಬಾರದು. ಹಾಗಾಗಿ ಅಂದು ಅವರು ಹೊಸೂರು ಹತ್ತಿರ ರೇಸ್ ಕುದುರೆಗಳ ತಳಿ ಬೆಳೆಸುವ ಸ್ಟಡ್ ಫಾರಮಿನ ಮ್ಯಾನೇಜರ್ ಶಿವರಾಮುಗೆ ವಾಟ್ಸಾಪಿನಲ್ಲಿ ಹೀಗೆ ಬರೆದರು: ‘ಸಗೋತ್ರವಾದ್ದರಿಂದ ಈ ಸಂಬಂಧ ಕೂಡಿಬರುವಂತಿಲ್ಲ. ಅನ್ಯಥಾ ಭಾವಿಸಬಾರದು. ತಮ್ಮ ಹುಡುಗನಿಗೆ ಬೇಗ ಯೋಗ್ಯ ಹೆಣ್ಣು ಸಿಗಲೆಂದು ಹಾರೈಸುತ್ತೇನೆ.’

ಕೆಳಗೆ ತಾವು ಬರೆದ ವಂಶಾವಳಿಯ ಹಾಳೆಯ ಫೋಟೋ ಕೂಡ ಸೇರಿಸಿದ್ದರು.

ಮೊಮ್ಮಗಳು ಶ್ರೀಪ್ರಿಯಾ ಹನ್ನೊಂದು ಗಂಟೆಗೆ ಗಿಂಡಿಯಿಂದ ಮನೆಗೆ ಬಂದಳು. ಅವಳು ಪಶುವೈದ್ಯೆ, ಅಲ್ಲಿನ ರೇಸ್‌ಕೋರ್ಸಿನ ಲಾಯಗಳಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸ ಬೆಳಗಿನ ನಾಲ್ಕೂವರೆಗೇ ಶುರು. ಬೂಟು ಬಿಚ್ಚುತ್ತ, "ತಾತಾ, ಹಾಳೆ ಬರೆದಾಯಿತಾ? ಕೊಡಿ, ಶಿವರಾಮುಗೆ ಅನುಪ್ತೇನೆ," ಎಂದಳು.

"ನಾನೇ ಕಳಿಸಿಬಿಟ್ಟೆ. ಆಗಲ್ಲ ಅಂತಾನೂ ಹೇಳಿಬಿಟ್ಟೆ."

"ಏನು ಆಗಲ್ಲ?"

"ಸಗೋತ್ರ ಕಣೇ. ಗಂಡಿನ ಅಜ್ಜನೂ ಕಾಪರ್ ಬಿಷಪ್ ಅನ್ನೋ ಕುದುರೆ, ಹೆಣ್ಣಿನ ಮುತ್ತಜ್ಜನೂ ಅದೇ ಕಾಪರ್ ಬಿಷಪ್. ಸಗೋತ್ರ ಒಂದೇ ಅಲ್ಲ, ಸಪಿಂಡ, ಹತ್ತಿರದ ರಕ್ತಸಂಬಂಧ. ನೋಡಿಯೂ ನೋಡಿಯೂ ಹೇಗೆ ಒಪ್ಪೋದು?"

ಶ್ರೀಪ್ರಿಯಾ ಒಂದು ಕಾಲಿನ ಬೂಟಿನಲ್ಲೇ ಕೂತುಬಿಟ್ಟಳು. "ಅಯ್ಯೋ ತಾತಾ, ಎನ್ನ ಪಣ್ಣೀಟೀಂಗ, ಏನು ಮಾಡಿಬಿಟ್ರಿ! ಕುದುರೆಗೆ ಗೋತ್ರಾನೇ ಕಿಡೆಯಾದು, ಇಲ್ಲವೇ ಇಲ್ಲ!"

ನಡೆದದ್ದು ಇಷ್ಟು. ಸಿಲ್ವರ್ ಟಂಬ್ಲರ್ ಎಂಬ ಆ ಹೆಣ್ಣು ಕುದುರೆ ಮೂರು ವರ್ಷದಲ್ಲಿ ಇಪ್ಪತ್ತೆರಡು ಸಲ ಓಡಿ ಎರಡು ಸಲ ಗೆದ್ದಿತ್ತು. ಡಿಸೆಂಬರಿನಲ್ಲಿ ಅದರ ಮುಂಗಾಲಿನ ಟೆಂಡನ್ ಹರಿಯಿತು. ಇನ್ನು ಓಡುವಂತಿರಲಿಲ್ಲ. ಮಾಲೀಕ ಗುರುಚರಣ ಮೈಸೂರಿನವರು, ಕ್ರೋಂಪೇಟೆಯಲ್ಲಿ ಚರ್ಮ ಹದಮಾಡುವವರಿಗೆ ಸಾಮಗ್ರಿ ಒದಗಿಸುವ ವ್ಯಾಪಾರಸ್ಥರು. ಕುದುರೆಯ ಮೇಲೆ ಅವರಿಗೆ ಪ್ರೀತಿಯಿತ್ತು, ಇಟ್ಟುಕೊಳ್ಳಲು ಜಾಗವಿರಲಿಲ್ಲ. ಮರೀನಾ ಬೀಚಿನಲ್ಲಿ ಸವಾರಿ ಕುದುರೆಗಳನ್ನು ಇಟ್ಟಿರುವವರೊಬ್ಬರು ಸೋಮವಾರ ಬಂದು ಹೊಡೆದುಕೊಂಡು ಹೋಗುತ್ತೇನೆ ಎಂದಿದ್ದರು. ಒಳ್ಳೆಯ ಮನುಷ್ಯ, ಕುದುರೆಗಳಿಗೆ ಹೊಟ್ಟೆ ತುಂಬ ಹಾಕುವವರು. ಆದರೆ ಬೀಚಿನದು ಕಾಲು ಹೂತುಹೋಗುವ ಮರಳು. ಆ ಕಾಲಿನಲ್ಲಿ, ಬೆನ್ನ ಮೇಲೆ ಜನರನ್ನು ಹೊತ್ತು ಆ ಮರಳಿನಲ್ಲಿ ನಡೆದರೆ ಆರು ತಿಂಗಳಲ್ಲಿ ಕುಂಟಾಗುತ್ತದೆ ಎಂದು ಶ್ರೀಪ್ರಿಯಾಳಿಗೆ ಗೊತ್ತಿತ್ತು.

ಉಳಿದ ದಾರಿ ಒಂದೇ: ಸ್ಟಡ್ ಫಾರಮಿಗೆ ಸೇರಿ ಮರಿ ಹಾಕುವ ತಾಯಿ ಕುದುರೆಯಾಗುವುದು. ಶಿವರಾಮುವಿನ ಫಾರಮಿನಲ್ಲಿ ಈ ಸಲ ಒಂದೇ ಒಂದು ಜಾಗ ಖಾಲಿ ಇತ್ತು. ಫೆಬ್ರವರಿ ಮಧ್ಯಕ್ಕೆ ಕುದುರೆಗಳನ್ನು ಕೂಡಿಸುವ ಕಾಲ ಆರಂಭ. ಈ ರೇಸ್ ಕುದುರೆಗಳದು ಥರೋಬ್ರೆಡ್ ಎಂಬ ತಳಿ, ಅದರಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಹೆಣ್ಣು ಗಂಡಿನ ಮನೆಗೇ ಹೋಗಬೇಕು. "ಇಂಗ್ಲಿಷ್ ಸಣ್ಣಕ್ಷರ ನನ್ನ ಕಣ್ಗೆ ಹತ್ತಲ್ಲ ಡಾಕ್ಟ್ರಮ್ಮ, ಕನ್ನಡದಲ್ಲಿ ಒಂದು ಹಾಳೆ ಬರೆದು ಕಳಿಸಿ, ನೋಡ್ತೀನಿ," ಎಂದಿದ್ದ ಶಿವರಾಮು. ಶ್ರೀಪ್ರಿಯಾ ಓದಿದ್ದೆಲ್ಲ ಚೆನ್ನೈಯಲ್ಲಿ. ಕನ್ನಡ ಮನೆಯಲ್ಲಿ ಮಾತಾಡುತ್ತಿದ್ದಳು, ಬರೆಯಲು ಬರುತ್ತಿರಲಿಲ್ಲ. ವಂಶಾವಳಿ ಎಂದರೆ ತಾತನಿಗಿಂತ ಬೇರೆ ಯಾರು ಎಂದುಕೊಂಡು ಲ್ಯಾಪ್‌ಟಾಪಿನಲ್ಲಿ ಎರಡೂ ಕುದುರೆಗಳ ತಳಿ ದಾಖಲೆ ತೆರೆದು, ಶಿವರಾಮುವಿನ ನಂಬರನ್ನೂ ಬರೆದು ಅವರ ಮುಂದಿಟ್ಟು ಹೋಗಿದ್ದಳು.

ಈಗ ಅವಳು ಶಿವರಾಮುಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಏನ್ ಡಾಕ್ಟ್ರಮ್ಮ," ಎಂದು ಆ ಕಡೆಯಿಂದ ನಗು ಕೇಳಿಸಿತು. "ಮೂವತ್ತೈದು ವರ್ಸದಿಂದ ಈ ಕಸುಬಲ್ಲಿದೀನಿ. ನಮ್ಮ ಗಂಡುಕುದುರೇನ ಗೋತ್ರ ಸರಿಯಿಲ್ಲ ಅಂತ ತಿರಸ್ಕರಿಸಿದ್ದು ನಿಮ್ಮನೇಯೋರೇ ಮೊದಲು!"

"ಅದು ತಪ್ಪಾಯಿತು ಸಾರ್. ತಾತನಿಗೆ ಗೊತ್ತಿಲ್ಲ. ನಮಗೆ ಒಪ್ಪಿಗೆ ಇದೆ."

"ನಾನು ಹೈದರಾಬಾದಿನೋರಿಗೆ ಮಾತು ಕೊಟ್ಬಿಟ್ನಲ್ಲವ್ವ. ಅವರದ್ದೂ ಒಂದು ಹೆಣ್ಣು ಗಿಂಡೀಲೇ ಐತೆ. ಭಾನುವಾರ ಬಂದು ನೋಡ್ತೀನಿ. ನೋಡಿದ ಮ್ಯಾಕೇ ಹೂಂ ಅನ್ನೋದು, ಅದು ಬೇರೆ ಮಾತು. ಆದ್ರೆ ನಿಮ್ಮ ಹಾಳೇಲಿ ಏನೈತೆ? ಹದಿನೈದು ಗಂಡಸರ ಹೆಸರು. ತಾಯಿ ಯಾರು? ತಾಯಿ ತಾಯಿ ಯಾರು? ಒಂದೂ ಬರೆದಿಲ್ಲ."

ಫೋನು ಇಟ್ಟ ಮೇಲೆ ರಾಯರು ತಮ್ಮ ಹಾಳೆಯನ್ನು ನೋಡಿದರು. ತಂದೆ, ತಂದೆಯ ತಂದೆ, ಅವನ ತಂದೆ, ಹೀಗೆ ಹದಿನೈದು ತಲೆ. ಒಂದು ಅಕ್ಷರದ ತಿದ್ದುಪಡಿ ಇರಲಿಲ್ಲ. "ವಂಶಾವಳಿ ಅಂದ್ರೆ ಹೀಗೇ ಅಲ್ಲವೇ ಬರೆಯೋದು?" ಎಂದರು.

ಒಳಗಿನಿಂದ ಅವರ ಹೆಂಡತಿ ಕೌಸಲ್ಯಮ್ಮ ನುಗ್ಗೆಕಾಯಿ ಹೆಚ್ಚುತ್ತಲೇ ಕೇಳಿದರು. "ಏನೂಂದ್ರೆ, ನನ್ನ ಅಮ್ಮನ ಅಮ್ಮನ ಹೆಸರೇನು ಹೇಳಿ ನೋಡೋಣ."

ರಾಯರು ಸೂರು ನೋಡಿದರು.

"ನಲವತ್ತೆಂಟು ವರ್ಷ ಆಯಿತು ನನ್ನ ಕೈ ಹಿಡಿದು. ಗೊತ್ತಿಲ್ಲ, ಅಲ್ವಾ? ತುಂಗಾಬಾಯಿ. ಅವಳಮ್ಮ ಸೀತಾಬಾಯಿ, ಕುಂಭಕೋಣದವಳು. ಅವಳಮ್ಮ ವೇಣಮ್ಮ. ಇದನ್ನ ಯಾವ ಹಾಳೇಲೂ ನೀವು ಬರೀಲಿಲ್ಲ. ಕುದುರೇಗಾದರೂ ಅಮ್ಮನ ಮನೆ ಯಾವುದೂಂತ ಕೇಳೋರು ಇದಾರಲ್ಲ, ಸಂತೋಷ."

"ಸುಮ್ಮಾ ಇರೇ," ಎಂದರು ರಾಯರು. ಆದರೆ ಊಟವಾದ ಮೇಲೆ ಮಲಗಲಿಲ್ಲ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮೊದಲಿಂದ ಹೇಳು. ನಿಮ್ಮ ಕುದುರೆಗಳ ಶಾಸ್ತ್ರ ಏನು?" ಎಂದು ಕೇಳಿದರು.

ಶ್ರೀಪ್ರಿಯಾ ಹೇಳಿದಳು. ಮುನ್ನೂರು ವರ್ಷಗಳ ಹಿಂದೆ ಪೂರ್ವ ದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಗಂಡುಕುದುರೆಗಳು ಈ ತಳಿಯ ಮೂಲಪುರುಷರು. ಜಗತ್ತಿನ ಯಾವ ಥರೋಬ್ರೆಡ್ಡನ್ನೇ ತೆಗೆದುಕೊಂಡರೂ ತಂದೆಯ ತಂದೆಯ ದಾರಿ ಹಿಡಿದರೆ ಆ ಮೂರರಲ್ಲಿ ಒಂದಕ್ಕೆ ಮುಟ್ಟುತ್ತದೆ. ಅದರಲ್ಲೂ ನೂರಕ್ಕೆ ತೊಂಬತ್ತೈದು ಮುಟ್ಟುವುದು ಒಂದೇ ಕುದುರೆಗೆ.

ರಾಯರು ಕನ್ನಡಕ ತೆಗೆದರು. "ಹಾಗಾದರೆ ಇಡೀ ಜಾತಿಯೇ ಸಗೋತ್ರ!"

"ಅದಕ್ಕೇ ತಾತಾ, ತಂದೆ ಕಡೆಯಿಂದ ಅಣ್ಣ ತಮ್ಮ ಅನ್ನೋ ಮಾತೇ ಇಲ್ಲ. ಒಂದು ಸ್ಟಾಲಿಯನ್‌ಗೆ ವರ್ಷಕ್ಕೆ ನಲವತ್ತು, ಐವತ್ತು ಮರಿ ಹುಟ್ಟುತ್ತೆ. ತಾಯಿಗೆ ವರ್ಷಕ್ಕೆ ಒಂದೇ. ಒಂದೇ ತಾಯಿ ಆದರೆ ಮಾತ್ರ ಅಕ್ಕ ತಂಗಿ, ಅಣ್ಣ ತಮ್ಮ. ಮತ್ತೆ ಮೂರನೇ ತಲೆ, ನಾಲ್ಕನೇ ತಲೆಯಲ್ಲಿ ಒಬ್ಬನೇ ಹಿರಿಯ ಸಿಕ್ಕರೆ ಬೇಕೂಂತಲೇ ಕೂಡಿಸ್ತಾರೆ. ಒಳ್ಳೆ ಗುಣ ಗಟ್ಟಿಯಾಗಲೀಂತ."

"ಅನರ್ಥ," ಎಂದರು ರಾಯರು. ಆದರೂ ಬರೆದುಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯದವನೊಬ್ಬ ತಾಯಿಯ ತಾಯಿಯ ದಾರಿ ಹಿಡಿದು ಹಿಂದಕ್ಕೆ ಹೋಗಿ, ನಲವತ್ತಮೂರು ಮೂಲ ಹೆಣ್ಣುಗಳನ್ನು ಗುರುತಿಸಿ ಅವುಗಳ ಸಂತತಿಗೆ ಅಂಕಿ ಕೊಟ್ಟಿದ್ದ ಎಂದು ಕೇಳಿದಾಗ ಅವರ ಕಣ್ಣು ಅರಳಿತು. ಅಂಕಿಗಳನ್ನು ಕೊಟ್ಟು ವಿಂಗಡಿಸಿದ್ದು ಯಾವುದಾದರೂ ರಾಯರಿಗೆ ಅದರ ಮೇಲೆ ಗೌರವ ಬರುತ್ತಿತ್ತು.

ಶನಿವಾರವಿಡೀ ಅವರು ಹುಡುಕಿದರು. ತಳಿ ದಾಖಲೆಯಲ್ಲಿ ತಂದೆಯ ಕಡೆ ಸುಲಭ, ಹೆಸರಾದ ಗಂಡುಗಳ ಹೆಸರು ಎಲ್ಲೆಲ್ಲೂ ಇರುತ್ತದೆ. ತಾಯಿಯ ಕಡೆ ಹಾಗಲ್ಲ. ಒಂದು ಹೆಣ್ಣು ಕುದುರೆ ಸಾಧಾರಣವಾಗಿ ಓಡಿ, ನಾಲ್ಕು ಕಡೆ ಕೈ ಬದಲಾಗಿ, ಒಂದು ಕಡೆ ಮರಿ ಹಾಕಿ ಮರೆಯಾಗುತ್ತದೆ. ಸಂಜೆ ಆರಕ್ಕೆ ರಾಯರ ಎರಡನೆಯ ಹಾಳೆ ಸಿದ್ಧವಾಯಿತು. ಸಿಲ್ವರ್ ಟಂಬ್ಲರಿನ ತಾಯಿ ಲೇಟ್ ಸಪ್ಪರ್. ಅವಳ ತಾಯಿ ರೂಬಿ ಲ್ಯಾಂಟರ್ನ್. ಅವಳ ತಾಯಿ ಮಾರ್ನಿಂಗ್ ಲೆಟರ್. ಅಲ್ಲಿಂದ ಇನ್ನೂ ಹತ್ತು ಹೆಣ್ಣುಗಳು. ಮೇಲಿನ ಎರಡು ಕುದುರೆಗಳ ಮಕ್ಕಳಲ್ಲಿ ಹೇಳಿಕೊಳ್ಳುವಂತಹ ಗೆಲುವು ಒಂದೂ ಇರಲಿಲ್ಲ. ಶ್ರೀಪ್ರಿಯಾಳ ಮುಖ ಸಣ್ಣಗಾಯಿತು.

"ಇಷ್ಟೇ ಇರೋದು. ಇದನ್ನ ನೋಡಿ ಅವರು ಯಾಕೆ ಒಪ್ಪುತಾರೆ?"

"ನಾಳೆ ನಾನೂ ಬರ್ತೀನಿ," ಎಂದರು ರಾಯರು. "ಬೇಡ ಅಂದವನು ನಾನು. ನಾನೇ ಹೋಗಿ ಕೇಳೋದು ಮರ್ಯಾದೆ."

ಭಾನುವಾರ ಮಧ್ಯಾಹ್ನ ಗುರುಚರಣ ಕಾರು ತಂದರು. ಪಂಚೆ ಉಟ್ಟು, ಹಣೆಗೆ ಅಂಗಾರ ಅಕ್ಷತೆ ಇಟ್ಟು, ಕೈಯಲ್ಲಿ ಬಂದರಿನ ಕಾಲದ ಫೈಲು ಹಿಡಿದು ರಾಯರು ಜೀವಮಾನದಲ್ಲಿ ಮೊದಲ ಸಲ ಗಿಂಡಿ ರೇಸ್‌ಕೋರ್ಸಿನ ಗೇಟು ದಾಟಿದರು. ಗುರುಚರಣ ಅವರ ಕೈಗೆ ಅಂದಿನ ಓಟಗಳ ಪುಸ್ತಕ ಕೊಟ್ಟರು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಹಾಳೆ ಫಸ್ಟ್ ಕ್ಲಾಸು. ಹುಡುಗಿ ಮಾತ್ರ ಮನೇಲೇ ಉಳಿದ್ಲು."

"ತಪ್ಪು ನಂದೇ. ಅದಕ್ಕೇ ಬಂದಿರೋದು," ಎಂದರು ರಾಯರು ಗಂಭೀರವಾಗಿ.

ಶಿವರಾಮು ಲಾಯದ ಕಡೆ ಹೈದರಾಬಾದಿನವರ ಕುದುರೆಯನ್ನು ನೋಡಲು ಹೋಗಿದ್ದ. ಮೂರನೆಯ ಓಟ ಮುಗಿಯುವ ತನಕ ಕಾಯಬೇಕಿತ್ತು. ಕುದುರೆಗಳನ್ನು ಓಟಕ್ಕೆ ಮುಂಚೆ ಸುತ್ತು ನಡೆಸುವ ಅಂಗಳದ ಬೇಲಿಗೆ ಒರಗಿ ರಾಯರು ಪುಸ್ತಕ ತೆರೆದರು. ಪ್ರತಿ ಕುದುರೆಯ ಹೆಸರಿನ ಕೆಳಗೆ ತಂದೆ, ತಾಯಿ. ಎರಡು ದಿನದ ಓದಿನಿಂದ ಅವರಿಗೆ ತಾಯಂದಿರ ಹೆಸರು ಒಂದೆರಡು ಪರಿಚಿತವಾಗಿದ್ದವು.

"ಈ ಏಳನೇ ನಂಬರಿನ ತಾಯಿ ಒಳ್ಳೆ ಮನೆತನದವಳು," ಎಂದರು.

"ಹೌದಾ ಸಾರ್? ಕಟ್ಟಲಾ?"

"ನಾನು ಜೂಜಿನ ಮಾತಾಡಲಿಲ್ಲ. ಮನೆತನ ಹೇಳಿದೆ."

ಗುರುಚರಣ ಆಗಲೇ ಬಾಜಿ ಕಟ್ಟುವ ಟೋಟ್ ಕಿಟಕಿಯತ್ತ ಓಡಿದ್ದರು. ಹಣ ಕಟ್ಟಲು ಅವರಿಗೆ ಕಾರಣ ಬೇಕಿತ್ತೇ ಹೊರತು ಎಂಥ ಕಾರಣ ಎಂಬುದು ಮುಖ್ಯವಾಗಿರಲಿಲ್ಲ. ಹೋದ ವಾರ ಒಂದು ಕುದುರೆಯ ಹೆಸರು ತಮ್ಮ ಅತ್ತೆಯ ಹೆಸರಿನಂತಿದೆ ಎಂದು ಕಟ್ಟಿದ್ದರು. ಓಟ ಶುರುವಾಗುವಲ್ಲಿನ ಗೇಟುಗಳು ತೆರೆದವು. ಹನ್ನೊಂದು ಕುದುರೆಗಳು ತಿರುವಿನಲ್ಲಿ ಒಂದೇ ಮುದ್ದೆಯಾಗಿ ಕಂಡು, ನೇರ ದಾರಿಗೆ ಬಂದಾಗ ಬಿಡಿಬಿಡಿಯಾದವು. ರಾಯರು ತಮಗೆ ಗೊತ್ತಿಲ್ಲದಂತೆ ಫೈಲನ್ನು ತಲೆಯ ಮೇಲೆತ್ತಿದ್ದರು. "ಬಾ, ಬಾ, ಬಾರೇ!" ಎಂದು ಕೂಗಿದ್ದು ತಾವೇ ಎಂದು ತಿಳಿದಾಗ ಸುತ್ತ ನೋಡಿದರು. ಏಳನೇ ನಂಬರು ನಾಲ್ಕನೆಯದಾಗಿ ಬಂತು.

"ತಾಯಿ ಚೆನ್ನಾಗಿದ್ರೆ ಸಾಕಾಗಲ್ಲ ಸಾರ್, ಮಗಳೂ ಓಡಬೇಕು," ಎಂದು ಗುರುಚರಣ ಟಿಕೆಟು ಹರಿದರು.

ಅಷ್ಟರಲ್ಲಿ ಶ್ರೀಪ್ರಿಯಾ ಶಿವರಾಮುವನ್ನು ಕರೆತಂದಳು. ಐವತ್ತೆಂಟರ ಗಟ್ಟಿ ಆಳು, ಬಿಳಿ ಮೀಸೆ, ಮೊಣಕಾಲುದ್ದದ ಗಮ್‌ಬೂಟು. ರಾಯರನ್ನು ನೋಡಿ ಕೈ ಮುಗಿದ.

"ಬುದ್ಧಿ, ನೀವೇಯಾ ನಮ್ಮ ಹುಡುಗನ್ನ ಬ್ಯಾಡ ಅಂದೋರು?"

"ನಾನೇ. ಅದನ್ನ ವಾಪಸು ತಗೊಳ್ಳೋಕೆ ಬಂದಿದೀನಿ. ನಮ್ಮ ಹೆಣ್ಣನ್ನ ಮತ್ತೊಂದು ಸಲ ನೋಡಬೇಕು."

"ಹೈದರಾಬಾದಿನ ಹೆಣ್ಣು ಚೆನ್ನಾಗೈತೆ ಬುದ್ಧಿ. ಐದು ರೇಸ್ ಗೆದ್ದೈತೆ. ನಾಲ್ಕನೇ ರೇಸ್ ಆದ್ಮೇಲೆ ಹೇಳ್ತೀನಿ ಅಂದಿದೀನಿ. ನಿಮ್ಮದ್ರದ್ದು ಏನೈತೆ ಹೇಳಿ."

ರಾಯರು ಫೈಲು ತೆರೆದು ಹೊಸ ಹಾಳೆ ಕೊಟ್ಟರು. ಶ್ರೀಪ್ರಿಯಾ ಬೇಲಿಯ ಕಂಬವನ್ನು ಹಿಡಿದುಕೊಂಡಳು. ಶಿವರಾಮು ಹಾಳೆಯನ್ನು ಉದ್ದಕ್ಕೆ ಚಾಚಿ ಹಿಡಿದು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದ. "ಲೇಟ್ ಸಪ್ಪರ್... ಗೊತ್ತಿಲ್ಲ. ರೂಬಿ ಲ್ಯಾಂಟರ್ನ್... ಕೇಳಿಲ್ಲ. ಮಾರ್ನಿಂಗ್..." ನಿಲ್ಲಿಸಿದ. "ಇದು ಯಾರು ಬರೆದದ್ದು?"

"ನಾನು. ದಾಖಲೆ ನೋಡಿ ಬರೆದದ್ದು."

"ಈ ರೂಬಿ ಅನ್ನೋದು ಹುಟ್ಟಿದ ಇಸವಿ ಯಾವುದು?"

"ಸಾವಿರದ ಒಂಬೈನೂರ ತೊಂಬತ್ತಾರು, ಮಾರ್ಚಿ. ಮಾರ್ನಿಂಗ್ ಲೆಟರಿನ ಐದನೇ ಮರಿ. ಬಣ್ಣ ಕಂದು."

ಶಿವರಾಮು ಬೇಲಿಯ ಮೇಲೆ ಕೈಯೂರಿದ. "ಅದು ನಮ್ಮ ಮರಿ ಬುದ್ಧಿ! ತುಮಕೂರು ಕಡೇಲಿ ಆಗ ಒಂದು ಫಾರಮಿತ್ತು, ಈಗ ಮುಚ್ಚೋಯ್ತು. ನಾನಲ್ಲಿ ಆಳು. ಆ ಮರಿ ಹುಟ್ಟುವಾಗ ಒಂದು ಮುಂಗಾಲು ಒಳಕ್ಕೆ ಮಡಚ್ಕೊಂಡಿತ್ತು. ಡಾಕ್ಟ್ರು ಬರೋದು ತಡ. ನಾನೇ ಕೈ ಹಾಕಿ ನೆಟ್ಟಗೆ ಮಾಡಿ ಎಳೆದೆ. ಹಾಲು ಬಿಟ್ಟ ತಕ್ಷಣ ಪಂಜಾಬಿನೋರು ಕೊಂಡೋದ್ರು."

"ಮತ್ತೆ ಹೆಸರು ಗೊತ್ತಿಲ್ಲ ಅಂದ್ರಿ?"

"ಮರಿಗೆ ಹೆಸರೆಲ್ಲಿ ಬುದ್ಧಿ? ನಮಗೆ ಅದು ‘ಲೆಟರ್ ಮಗಳು ತೊಂಬತ್ತಾರು’. ಹೆಸರಿಡೋದು ಕೊಂಡೋರು." ಅವನು ಮತ್ತೆ ಹಾಳೆ ನೋಡಿದ. "ಲೆಟರ್ ಅಂದ್ರೆ ಏನಂದ್ಕೊಂಡ್ರಿ? ಅವಳ ಇನ್ನೊಬ್ಬ ಮಗಳ ಹೊಟ್ಟೇಲಿ ಹುಟ್ಟಿದೋರು ಬೆಂಗಳೂರು, ಮೈಸೂರಲ್ಲಿ ನಾಲ್ಕು ಕಪ್ ಗೆದ್ದವರೆ. ಆ ಸಂತಾನ ಮುಗೀತು ಅಂತಿದ್ದೆ. ಹಾಳೇಲಿ ಬರೀ ಗಂಡಸರ ಹೆಸರು ಬರೆದು ಇವಳನ್ನ ಮುಚ್ಚಿಟ್ಟಿದ್ರಲ್ಲ ನೀವು!"

"ಮುಚ್ಚಿಡಲಿಲ್ಲ. ನನಗೇ ಗೊತ್ತಿರಲಿಲ್ಲ," ಎಂದರು ರಾಯರು.

"ಎಲ್ಲೈತೆ ಹುಡುಗಿ? ತೋರ್ಸಿ ಮೊದ್ಲು."

ನಾಲ್ಕನೆಯ ಓಟಕ್ಕೆ ಕುದುರೆಗಳು ಹೊರಟಾಗ ಈ ನಾಲ್ವರು ಲಾಯದಲ್ಲಿದ್ದರು. ಸಿಲ್ವರ್ ಟಂಬ್ಲರ್ ಒಳಗಿನಿಂದ ತಲೆ ಹೊರಹಾಕಿ ರಾಯರ ಫೈಲಿನ ಅಂಚನ್ನು ಮೂಸಿತು. ಶಿವರಾಮು ಅದರ ಕಾಲು ಮುಟ್ಟಿ ನೋಡಿದ, ಹಲ್ಲು ನೋಡಿದ, ಸುತ್ತು ಹಾಕಿದ, ಕಿವಿಯ ಹಿಂದೆ ಕೆರೆದ. ಶ್ರೀಪ್ರಿಯಾ ಕಾಲಿನ ಸ್ಕ್ಯಾನಿನ ಚೀಟಿ ತೋರಿಸಿದಳು. ಕೊನೆಗೆ ಅವನು ಗುರುಚರಣರ ಕಡೆ ತಿರುಗಿದ. ಅವನ ಕರಾರು ಇಷ್ಟು: ಮೊದಲ ಮರಿ ಫಾರಮಿಗೆ, ಎರಡನೆಯದು ಮಾಲೀಕರಿಗೆ. ಗುರುಚರಣ ಮಾತು ಮುಗಿಯುವ ಮುಂಚೆಯೇ ಕೈ ಕುಲುಕಿದರು.

"ಆದ್ರೆ ಬುದ್ಧಿ," ಎಂದ ಶಿವರಾಮು, "ನೀವು ಬ್ಯಾಡ ಅಂತ ಬರೆದು ಕಳಿಸಿದೀರಿ. ನಮ್ಮ ಫಾರಮಿನ ಸಾಹೇಬರಿಗೆ ತೋರಿಸ್ಬಿಟ್ಟಿದೀನಿ, ಅವರು ನಕ್ಕಿದ್ದೇ ನಕ್ಕಿದ್ದು. ಈಗ ಬೇಕು ಅಂತಲೂ ನೀವೇ ಬರೆದುಕೊಡಿ. ಗಂಡು ಅದೇ. ನಿಮ್ಮ ಬಿಷಪ್ಪನ ಮೊಮ್ಮಗ."

ಶ್ರೀಪ್ರಿಯಾ ತಾತನನ್ನು ನೋಡಿದಳು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಗೋತ್ರಕ್ಕೆ ರಾಯರು ಸಹಿ ಹಾಕಿರಲಿಲ್ಲ. ಅವರು ಮೇವಿನ ಡಬ್ಬವೊಂದರ ಮೇಲೆ ಕೂತು, ಓಟದ ಪುಸ್ತಕದ ಹಿಂಬದಿಯಲ್ಲಿ ಬರೆಯತೊಡಗಿದರು. ಮೊದಲು ಹೆಣ್ಣಿನ ಹೆಸರು. ಅದರ ಕೆಳಗೆ ತಾಯಿ, ತಾಯಿಯ ತಾಯಿ, ಅವಳ ತಾಯಿ. ಆಮೇಲೆ ತಂದೆ. ಗೋತ್ರದ ಸಾಲಿಗೆ ಬಂದಾಗ ಪೆನ್ನು ನಿಂತಿತು. ದೂರದಲ್ಲಿ ಜನ ಕೂಗುವ ಸದ್ದು ಏರಿ ಇಳಿಯಿತು. ರಾಯರು ಬರೆದರು: ‘ಗೋತ್ರ: ಎಲ್ಲರದೂ ಒಂದೇ. ಆದ್ದರಿಂದ ಅಡ್ಡಿಯಿಲ್ಲ.’ ಕೆಳಗೆ ಸಹಿ, ತಾರೀಕು.

ಶಿವರಾಮು ಅದನ್ನು ಮಡಿಸಿ ಜೇಬಿಗಿಟ್ಟು ಹೈದರಾಬಾದಿನವರಿಗೆ ಕ್ಷಮೆ ಕೇಳಲು ಹೋದ. ಗುರುಚರಣ ಮರೀನಾದವರಿಗೆ ಫೋನು ಮಾಡಿ ಸೋಮವಾರ ಬರುವುದು ಬೇಡವೆಂದರು. ಶ್ರೀಪ್ರಿಯಾ ಲಾಯದ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಫೆಬ್ರವರಿ ಮೊದಲ ವಾರ ಹೊಸೂರಿನ ಲಾರಿ ಬಂತು. ಬೆಳಿಗ್ಗೆ ಏಳು ಗಂಟೆ. ಕೌಸಲ್ಯಮ್ಮ ತಾವೂ ಬರುವುದಾಗಿ ಹಟ ಹಿಡಿದು ಬಂದಿದ್ದರು. ಹೆಣ್ಣನ್ನು ಕಳಿಸುವಾಗ ಬರಿಗೈಯಲ್ಲಿ ಕಳಿಸುವುದುಂಟೇ ಎಂದು ಹೊಸ ರವಿಕೆ ಕಣದಲ್ಲಿ ಅಕ್ಕಿ, ಕೊಬ್ಬರಿ, ಎರಡು ಅಚ್ಚು ಬೆಲ್ಲ ಕಟ್ಟಿ ತಂದಿದ್ದರು.

"ಅಜ್ಜೀ, ಅಕ್ಕಿ ವೇಂಡಾಂ, ಹೊಟ್ಟೆ ಕೆಡುತ್ತೆ," ಎಂದಳು ಶ್ರೀಪ್ರಿಯಾ.

"ಸೆರಿ, ಬೆಲ್ಲ ಕೊಡಬಹುದಲ್ಲ? ಸ್ವಲ್ಪ?"

ಕುದುರೆ ಲಾರಿಯ ಹಲಗೆಯ ಮುಂದೆ ನಾಲ್ಕು ಕಾಲೂ ಊರಿ ನಿಂತಿತ್ತು. ಲಾಯದವರು ಎಳೆದರು, ಹಿಂದಿನಿಂದ ನೂಕಿದರು, ಶಿಳ್ಳೆ ಹಾಕಿದರು. ಶಿವರಾಮು ಅದರ ಅಜ್ಜಿಯೂ ಇದೇ ತರಹ ಹಟಮಾರಿ ಎಂದು ಹೆಮ್ಮೆಯಿಂದ ಹೇಳಿದ. ಇಪ್ಪತ್ತು ನಿಮಿಷ ಕಳೆಯಿತು. ಕೊನೆಗೆ ಕೌಸಲ್ಯಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡು, "ತಳ್ಳಬೇಡಿ ಅದನ್ನ, ಗಾಬರಿ ಆಗಿದೆ. ತಳ್ಳಿದ್ರೆ ಯಾರು ಹೋಗ್ತಾರೆ?" ಎಂದು ತಾವೇ ಹಲಗೆ ಹತ್ತಿ ಲಾರಿಯೊಳಗೆ ನಿಂತು ಬೆಲ್ಲದ ಅಚ್ಚನ್ನು ಅಂಗೈ ಮೇಲೆ ಹಿಡಿದರು.

ಸಿಲ್ವರ್ ಟಂಬ್ಲರ್ ಕಿವಿ ಮುಂದೆ ಮಾಡಿತು. ಒಂದು ಗೊರಸು ಹಲಗೆಯ ಮೇಲಿಟ್ಟು ಸದ್ದು ಕೇಳಿತು. ಇನ್ನೊಂದು ಇಟ್ಟಿತು. ಆಮೇಲೆ ನಾಲ್ಕೇ ಹೆಜ್ಜೆಯಲ್ಲಿ ಒಳಗೆ ಹೋಗಿ ಬೆಲ್ಲದ ಜೊತೆಗೆ ರವಿಕೆ ಕಣದ ಒಂದು ತುದಿಯನ್ನೂ ಬಾಯಿಗೆ ಹಾಕಿಕೊಂಡಿತು.

"ಏನೂಂದ್ರೆ," ಎಂದು ಕೌಸಲ್ಯಮ್ಮ ಒಳಗಿನಿಂದ ಕೂಗಿದರು, "ನಾನು ಇಳಿಯೋದು ಹೇಗೆ? ಇವಳು ದಾರಿಗೆ ಅಡ್ಡ ನಿಂತಿದಾಳೆ."

ಲಾರಿಯ ಪಕ್ಕದ ಸಣ್ಣ ಬಾಗಿಲು ತೆಗೆದು, ಕುರ್ಚಿ ಹಾಕಿ, ಒಂದು ಕೈ ರಾಯರೂ ಇನ್ನೊಂದು ಕೈ ಶ್ರೀಪ್ರಿಯಾಳೂ ಹಿಡಿದು ಅವರನ್ನು ಇಳಿಸಿದರು. ಶಿವರಾಮು ಡ್ರೈವರಿನ ಪಕ್ಕ ಹತ್ತಿ ಕೂತ. "ಗರ್ಭ ನಿಂತ ದಿನ ಮೊದಲ ಫೋನು ನಿಮಗೇ ಬುದ್ಧಿ," ಎಂದ.

"ಅವರಿಗೆ ಬೇಡ, ನನಗೆ ಮಾಡಿ," ಎಂದರು ಕೌಸಲ್ಯಮ್ಮ, ಕೈಗೆ ಅಂಟಿದ ಬೆಲ್ಲವನ್ನು ಒರೆಸಿಕೊಳ್ಳುತ್ತ. ಲಾರಿ ಗೇಟು ದಾಟಿ ಬೆಂಗಳೂರು ರಸ್ತೆಯ ದಿಕ್ಕಿಗೆ ತಿರುಗಿತು. ಹಿಂದಿನ ಜಾಲರಿಯಲ್ಲಿ ಒಂದು ಕಂದು ಮೂತಿ ಕಾಣುತ್ತಿತ್ತು, ಇನ್ನೂ ಏನನ್ನೋ ಅಗಿಯುತ್ತ.